ಟಾರ್ಚಿನೊಳಗೆ ಡ್ರೈವರ್ ಬಂದ ಬಗೆ

ಟಾರ್ಚ್ ಹುಟ್ಟಿದ ಮೇಲೆ ಸುಮಾರು ನೂರು ವರ್ಷ ಅದಕ್ಕೆ ಡ್ರೈವರ್ ಎಂಬ ಭಾಗವೇ ಬೇಕಿರಲಿಲ್ಲ. ಡೇವಿಡ್ ಮಿಸೆಲ್ 1899ರ ಜನವರಿಯಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಕೈದೀಪದಲ್ಲಿ ಇದ್ದದ್ದು ಕಾಗದದ ಕೊಳವೆ, ಸಾಲಾಗಿ ಜೋಡಿಸಿದ ಸೆಲ್‌ಗಳು, ತುದಿಗೆ ಬಲ್ಬು ಮತ್ತು ಹಿತ್ತಾಳೆಯ ಪ್ರತಿಫಲಕ, ಇಷ್ಟೇ. ಬಲ್ಬಿನ ತಂತಿ ಕಾದಂತೆ ಅದರ ವಿದ್ಯುತ್ ರೋಧ ಏರುತ್ತದೆ; ಹರಿಯುವ ಕರೆಂಟಿಗೆ ಅದೇ ಕಡಿವಾಣ. ಸೆಲ್ ಸೊರಗಿದರೆ ಬೆಳಕು ಹಳದಿಗೆ ತಿರುಗಿ ಮಂಕಾಗುತ್ತಿತ್ತು.

ಎಲ್ಇಡಿ ಬಂದಾಗ ಈ ಸರಳತೆ ಮುಗಿಯಿತು. ಶುಜಿ ನಾಕಾಮುರಾ ಜಪಾನಿನ ನಿಚಿಯಾ ಕಂಪನಿಯಲ್ಲಿ ರೂಪಿಸಿದ ಪ್ರಖರ ನೀಲಿ ಎಲ್ಇಡಿ 1993ರಲ್ಲಿ ಹೊರಬಂತು. ಅದರ ಮೇಲೆ ಹಳದಿ ಫಾಸ್ಫರ್ ಲೇಪಿಸಿದ ಬಿಳಿ ಎಲ್ಇಡಿ 1996ರಲ್ಲಿ ಬಂತು. ಬಿಳಿ ಎಲ್ಇಡಿ ಸರಿಯಾಗಿ ಬೆಳಗಲು ಸುಮಾರು 3 ವೋಲ್ಟ್ ಬೇಕು. ಅದಕ್ಕಿಂತ ತುಸು ಕಡಿಮೆಯಾದರೆ ಬೆಳಕು ಇಲ್ಲವೆನ್ನುವಷ್ಟು ಇಳಿಯುತ್ತದೆ. ತುಸು ಹೆಚ್ಚಾದರೆ ಕರೆಂಟು ಹಲವು ಪಟ್ಟು ಏರುತ್ತದೆ. ಬಿಸಿಯಾದಷ್ಟೂ ಅದು ಇನ್ನಷ್ಟು ಕರೆಂಟು ಎಳೆಯುತ್ತದೆ. ಹಾಗಾಗಿ ಸೆಲ್ ಮತ್ತು ಎಲ್ಇಡಿಯ ನಡುವೆ ಕರೆಂಟನ್ನು ಹಿಡಿದು ಅಳೆದುಕೊಡುವ ಸರ್ಕಿಟ್ ಬೇಕಾಯಿತು. ಅದೇ ಡ್ರೈವರ್.

ಅಗ್ಗದ ಟಾರ್ಚ್‌ಗಳು ಮೂರು ಸೆಲ್ ಮತ್ತು ಒಂದು ರೆಸಿಸ್ಟರ್‌ನಲ್ಲೇ ಕೆಲಸ ಮುಗಿಸಿದವು. ಒಂದೇ ಸೆಲ್ಲಿನಿಂದ ಎಲ್ಇಡಿ ಉರಿಸುವ ದಾರಿ ಹವ್ಯಾಸಿಗಳಿಗೆ ಸಿಕ್ಕಿದ್ದು 1999ರಲ್ಲಿ, ಬ್ರಿಟನ್ನಿನ ‘ಎವ್ರಿಡೇ ಪ್ರಾಕ್ಟಿಕಲ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪುಟ್ಟ ಸರ್ಕಿಟ್ಟಿನಿಂದ. ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಫೆರೈಟ್ ಉಂಗುರಕ್ಕೆ ಸುತ್ತಿದ ಎರಡು ಸುರುಳಿ. ಮುಂದೆ ಜೌಲ್ ಥೀಫ್ ಎಂದೇ ಹೆಸರಾದ ಇದು, ಬೇರೆ ಉಪಕರಣಗಳಿಗೆ ಸಾಲದೆಂದು ಎಸೆದ ಸೆಲ್ಲಿನಿಂದಲೂ ಬೆಳಕು ತೆಗೆಯುತ್ತಿತ್ತು.

ಅದೇ ಹೊತ್ತಿಗೆ ಲುಮಿಲೆಡ್ಸ್ ಕಂಪನಿ ಲಕ್ಸಿಯಾನ್ ಎಂಬ ಹೆಚ್ಚು ಸಾಮರ್ಥ್ಯದ ಎಲ್ಇಡಿ ತಂದಿತು. ಅದನ್ನು ಬಳಸಿದ ಮೊದಲ ಟಾರ್ಚ್, ಆರ್ಕ್ ಎಲ್ಎಸ್, 2001ರಲ್ಲಿ ವಿನ್ಯಾಸಗೊಂಡಿತು. ದಪ್ಪ ಅಲ್ಯೂಮಿನಿಯಂ ಮೈಯ ಮ್ಯಾಗ್‌ಲೈಟ್‌ಗಳ ಬಲ್ಬು ಕಿತ್ತು ಲಕ್ಸಿಯಾನ್ ಕೂರಿಸುವ ಕೆಲಸ ಶುರುವಾಗಿದ್ದು ಈ ವರ್ಷಗಳಲ್ಲೇ. ಒಂದು ವ್ಯಾಟಿನ ಎಲ್ಇಡಿಗೆ ಗೊತ್ತುಪಡಿಸಿದ ಕರೆಂಟು 350 ಮಿಲಿಆಂಪಿಯರ್. ಮುಂದಿನ ಇಡೀ ಕತೆ ಈ ಅಂಕಿಯ ಸುತ್ತ ತಿರುಗುತ್ತದೆ; ಏಕೆಂದರೆ ಸರಿಯಾಗಿ ಅಷ್ಟೇ ಕರೆಂಟು ಬಿಡುವ ಎಎಂಸಿ7135 ಎಂಬ ಅಗ್ಗದ ಚಿಪ್ ಮಾರುಕಟ್ಟೆಗೆ ಬಂತು.

7135 ಮೂರು ಕಾಲಿನ, ಅಕ್ಕಿಕಾಳಿಗಿಂತ ತುಸು ಅಗಲದ ಚಿಪ್. ಒಂದರ ಪಕ್ಕ ಒಂದನ್ನು ಸಮಾಂತರವಾಗಿ ಜೋಡಿಸಿದರೆ ಕರೆಂಟು ಕೂಡುತ್ತಾ ಹೋಗುತ್ತದೆ: ನಾಲ್ಕಕ್ಕೆ 1.4 ಆಂಪಿಯರ್, ಎಂಟಕ್ಕೆ 2.8. ಇದು ಗೊತ್ತಾದ ಮೇಲೆ ಡ್ರೈವರ್ ತಿದ್ದುವುದಕ್ಕೆ ಎಲೆಕ್ಟ್ರಾನಿಕ್ಸ್ ಪದವಿ ಬೇಕಾಗಲಿಲ್ಲ. ಟಾರ್ಚಿನ ತಲೆ ಬಿಚ್ಚಿ, ಎಲ್ಇಡಿಯನ್ನು ಹೊತ್ತ ಹಿತ್ತಾಳೆಯ ಬಿಲ್ಲೆಯನ್ನು ಹೊರತೆಗೆದರೆ ಅದರ ಹಿಂಬದಿಯಲ್ಲಿ ನಾಣ್ಯದಂಥ ದುಂಡು ಹಲಗೆ ಕಾಣುತ್ತದೆ. ಅಂಚಿನ ಬೆಸುಗೆ ಕರಗಿಸಿದರೆ ಹಲಗೆ ಕೈಗೆ ಬರುತ್ತದೆ. ಅಲ್ಲಿರುವ ಚಿಪ್ಪಿನ ಬೆನ್ನ ಮೇಲೆ ಇನ್ನೊಂದು ಚಿಪ್ ಕೂರಿಸಿ, ಕಾಲಿಗೆ ಕಾಲು ಬೆಸೆದರೆ 350 ಮಿಲಿಆಂಪಿಯರ್ ಹೆಚ್ಚಿತು. ಆದರೆ ಮೇಲಿನ ಚಿಪ್ಪಿನ ಬಿಸಿ ಕೆಳಗಿನ ಚಿಪ್ಪಿನ ಮೂಲಕವೇ ಇಳಿಯಬೇಕು. 7135 ಹೆಚ್ಚುವರಿ ವೋಲ್ಟೇಜನ್ನೆಲ್ಲ ಬಿಸಿಯಾಗಿ ಸುಡುವ ಚಿಪ್ ಆದ್ದರಿಂದ, ಪೂರ್ತಿ ಚಾರ್ಜ್ ಆದ 4.2 ವೋಲ್ಟಿನ ಲಿಥಿಯಂ ಸೆಲ್ ಹಾಕಿದ ಮೊದಲ ನಿಮಿಷಗಳಲ್ಲೇ ಹಲಗೆ ಮುಟ್ಟಲಾಗದಷ್ಟು ಕಾಯುತ್ತಿತ್ತು.

ಈ ಕಾಲದ ಹೆಸರಾಂತ ಹಲಗೆ ನಾನ್‌ಜಿ 105ಸಿ: ವ್ಯಾಸ 17 ಮಿಲಿಮೀಟರ್, ಎಂಟು 7135, ಜೊತೆಗೆ ಎಟಿಟೈನಿ13ಎ ಎಂಬ ಪುಟಾಣಿ ಮೈಕ್ರೋಕಂಟ್ರೋಲರ್. ಹಲಗೆಯ ಮೇಲಿನ ನಕ್ಷತ್ರ ಗುರುತುಗಳಿಗೆ ಬೆಸುಗೆಯ ಹನಿ ಇಟ್ಟು ಬೆಳಕಿನ ಹಂತಗಳನ್ನು ಬದಲಿಸಬಹುದಿತ್ತು. ಹವ್ಯಾಸಿಗಳು ಅಷ್ಟಕ್ಕೆ ನಿಲ್ಲಲಿಲ್ಲ. ಚಿಪ್ಪಿನ ಎಂಟು ಕಾಲುಗಳನ್ನೂ ಒಮ್ಮೆಗೇ ಕಚ್ಚುವ ಕ್ಲಿಪ್ ಹಾಕಿ, ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್ ಮೂಲಕ ಕಾರ್ಖಾನೆಯ ಪ್ರೋಗ್ರಾಂ ಅಳಿಸಿ ತಮ್ಮದನ್ನು ತುಂಬಿದರು. ಅಲ್ಲಿದ್ದ ಜಾಗ 1 ಕಿಲೋಬೈಟ್, ಕೆಲಸದ ನೆನಪು ಬರೀ 64 ಬೈಟ್. ಅಷ್ಟರಲ್ಲೇ ಬೆಳಕಿನ ಹಂತಗಳು, ಸೆಲ್ಲಿನ ವೋಲ್ಟೇಜ್ ತೀರ ಇಳಿದಾಗ ಬೆಳಕು ತಾನೇ ಕುಗ್ಗುವ ಏರ್ಪಾಡು, ಕಣ್ಣಿಗೆ ಕಾಣದಷ್ಟು ವೇಗದ ಮಿಣುಕು, ಎಲ್ಲವನ್ನೂ ಹಿಡಿಸಿದರು. ಬಟನ್ನನ್ನು ಅರೆಕ್ಷಣ ಒತ್ತಿದ್ದೋ, ಪೂರ್ತಿ ಆರಿಸಿದ್ದೋ ಎಂದು ತಿಳಿಯಲು ಒಂದು ಕೆಪಾಸಿಟರಿನಲ್ಲಿ ಉಳಿದ ಚಾರ್ಜನ್ನು ಅಳೆಯುವ ಉಪಾಯವೂ ಆಗಲೇ ಹುಟ್ಟಿತು. ಈ ಇತಿಹಾಸದಲ್ಲಿ ನಿಜಕ್ಕೂ ಬೆರಗು ಹುಟ್ಟಿಸುವ ಘಟ್ಟ ಇದೇ.

ಮುಂದಿನ ಹೆಜ್ಜೆ ಧೈರ್ಯದ್ದು. 7135ಗಳ ಸಾಲಿನ ಬದಲು ಮಾಸ್‌ಫೆಟ್ ಎಂಬ ಬಗೆಯ ಒಂದೇ ಟ್ರಾನ್ಸಿಸ್ಟರ್ ಹಾಕಿ ಸೆಲ್ಲನ್ನು ನೇರವಾಗಿ ಎಲ್ಇಡಿಗೆ ಕೊಡುವುದು. ಸಣ್ಣ ಬೆಳಕಿಗೆ ಮಾತ್ರ ಒಂದು 7135 ಉಳಿಸಿಕೊಳ್ಳುವುದು. ಆಗ ಕರೆಂಟಿಗೆ ಉಳಿಯುವ ತಡೆ ಎಂದರೆ ಸೆಲ್, ಸ್ವಿಚ್, ತಂತಿ, ಸ್ಪ್ರಿಂಗ್‌ಗಳ ಸಣ್ಣ ರೋಧಗಳಷ್ಟೇ. ಸ್ಪ್ರಿಂಗ್‌ನ ಮೇಲಿಂದ ಕೆಳಗಿನವರೆಗೆ ತಾಮ್ರದ ತಂತಿ ಬೆಸೆದು ಅದನ್ನೂ ಕಡಿಮೆ ಮಾಡಿದರು. ಬೆಳಕು ಕಣ್ಣು ಕುಕ್ಕುವಂತಾಯಿತು, ಅಪಾಯವೂ ಹೆಚ್ಚಿತು: ಅಷ್ಟು ಕರೆಂಟು ತಾಳದ ಕಳಪೆ ಲಿಥಿಯಂ ಸೆಲ್ ಬಿಗಿದ ಕೊಳವೆಯೊಳಗೆ ಕಾದು ಅನಿಲ ಉಗುಳಿದರೆ ಟಾರ್ಚೇ ಸಿಡಿಯಬಹುದು. ಪರಿಹಾರ ಬಂದದ್ದು ಚಿಪ್ಪಿನಿಂದಲೇ. ಎಟಿಟೈನಿ25, 85 ಚಿಪ್‌ಗಳಲ್ಲಿ ಒಳಗೇ ಉಷ್ಣತೆ ಅಳೆಯುವ ಸೌಲಭ್ಯವಿತ್ತು, 85ರಲ್ಲಿ 8 ಕಿಲೋಬೈಟ್ ಜಾಗವಿತ್ತು. ಬಿಸಿ ಏರಿದಂತೆ ಬೆಳಕನ್ನು ತಾನಾಗಿ ಇಳಿಸುವ ಪ್ರೋಗ್ರಾಂಗಳು ಅದರಿಂದ ಸಾಧ್ಯವಾದವು.

ಇವುಗಳಲ್ಲಿ ಹೆಚ್ಚು ಹಬ್ಬಿದ್ದು ಆಂಡುರಿಲ್, ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶ. ಹವ್ಯಾಸಿಗಳ ಮೇಜಿನಲ್ಲಿ ಬೆಳೆದ ಇದನ್ನು ಎಮಿಸಾರ್, ಸೊಫಿರ್ನ್, ವುರ್ಕೊಸ್‌ನಂಥ ಚೀನೀ ತಯಾರಕರು ಕಾರ್ಖಾನೆಯಲ್ಲೇ ತುಂಬಿ ಮಾರತೊಡಗಿದರು. ಕೆಲವರು ಮತ್ತೆ ಪ್ರೋಗ್ರಾಂ ತುಂಬಲು ಅನುಕೂಲವಾಗಲೆಂದು ಹಲಗೆಯ ಮೇಲೆ ತಾಮ್ರದ ಚುಕ್ಕೆಗಳನ್ನೂ ಬಿಟ್ಟರು. ಈಗಿನ ಉತ್ತಮ ಟಾರ್ಚ್‌ಗಳಲ್ಲಿ 7135ಗಳ ಜಾಗಕ್ಕೆ, ಸುರುಳಿಯ ನೆರವಿನಿಂದ ವೋಲ್ಟೇಜನ್ನು ಏರಿಸಿ ಇಳಿಸಿ ಕಡಿಮೆ ಬಿಸಿಯಲ್ಲಿ ಕೆಲಸ ಮಾಡುವ ಡ್ರೈವರ್‌ಗಳು ಬಂದಿವೆ. ಅವುಗಳಲ್ಲಿ ಕರೆಂಟನ್ನು ನಿರ್ಧರಿಸುವುದು ಒಂದು ಪುಟ್ಟ ಸಂವೇದಕ ರೆಸಿಸ್ಟರ್. ಅದರ ಮೇಲೆ ಇನ್ನೊಂದನ್ನು ಬೆಸೆದು ಒಟ್ಟು ರೋಧ ತಗ್ಗಿಸಿದರೆ ಬೆಳಕು ಏರುತ್ತದೆ; ಚಿಪ್ ಮೇಲೆ ಚಿಪ್ ಕೂರಿಸಿದ ಕೈಗಳು ಈಗ ಆ ಕೆಲಸ ಮಾಡುತ್ತಿವೆ.