ನೆರವು ಯಾವ ಊರಿಗೆ?

ದೂರದೇಶದ ಜನ ಹಣವನ್ನೂ ವೈದ್ಯರನ್ನೂ ಕೂಡಿಸಿಕೊಂಡು ಇನ್ನೊಂದು ನಾಡಿನ ಹಳ್ಳಿಗರ ಆರೋಗ್ಯಕ್ಕೆ ನೆರವಾಗಲು ಹೊರಟಾಗ ಅವರೆದುರಿಗೆ ನಿಲ್ಲುವ ಮೊದಲ ಪ್ರಶ್ನೆ ಔಷಧದ್ದಲ್ಲ, ಊರಿನದು. ಲಕ್ಷಾಂತರ ಹಳ್ಳಿಗಳಲ್ಲಿ ಯಾವುದನ್ನು ಆರಿಸಬೇಕು? ಎಲ್ಲಕ್ಕಿಂತ ಹೆಚ್ಚು ಬೇನೆ ಇರುವುದನ್ನೋ, ತಲುಪಲು ಸುಲಭವಾದುದನ್ನೋ, ಅಥವಾ ನಾಳೆ ತನ್ನ ಕಾಲ ಮೇಲೆ ತಾನೇ ನಿಲ್ಲಬಲ್ಲುದನ್ನೋ? ಸಾಮಾನ್ಯವಾಗಿ ಈ ಪ್ರಶ್ನೆಯನ್ನು ನಾವು ಕೊಡುವವರ ಕಡೆಯಿಂದ ನೋಡುತ್ತೇವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯವನಾದ ನಾನು ಅದನ್ನು ಪಡೆದವರ ಕಡೆಯಿಂದ ನೋಡಬಯಸುತ್ತೇನೆ. ಏಕೆಂದರೆ ಈ ಸೀಮೆಯ ಪಾಲಿಗೆ ಅದು ಕೇವಲ ತರ್ಕದ ಮಾತಲ್ಲ, ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆ.

ನಮ್ಮ ಕಡೆಯ ಹಿರಿಯರ ಬಾಯಲ್ಲಿ ಒಂದು ಮಾತಿತ್ತು: "ಮಿರಜಿಗೆ ಒಯ್ದಾರ." ರೋಗಿಯ ಹೆಸರಿನೊಡನೆ ಇಷ್ಟು ಹೇಳಿದರೆ ಸಾಕು, ಕಾಯಿಲೆ ಊರಿನ ವೈದ್ಯರ ಕೈಮೀರಿದೆ ಎಂದು ಕೇಳಿದವರಿಗೆ ತಿಳಿಯುತ್ತಿತ್ತು. ಈ ಮಾತಿನ ಮೂಲ 19ನೆಯ ಶತಮಾನದ ಕೊನೆಯಲ್ಲಿದೆ. ಕೆನಡಾದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ವೈದ್ಯಶಾಸ್ತ್ರ ಕಲಿತ ವಿಲಿಯಂ ಜೇಮ್ಸ್ ವಾನ್ಲೆಸ್ ಎಂಬ ತರುಣ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಪರವಾಗಿ 1889ರಲ್ಲಿ ಭಾರತಕ್ಕೆ ಬಂದರು. ಮೊದಲು ಸಾಂಗಲಿಯಲ್ಲಿ ಒಂದು ಚಿಕ್ಕ ದವಾಖಾನೆ ನಡೆಸಿ, ಬಳಿಕ ನೆರೆಯ ಮಿರಜಿಗೆ ಹೋದರು. ಅಲ್ಲಿ 1894ರಲ್ಲಿ ಆಸ್ಪತ್ರೆ ತೆರೆಯಿತು. ಕಟ್ಟಡಕ್ಕೆ ಹಣ ಕೊಟ್ಟವರು ಫಿಲಡೆಲ್ಫಿಯಾದ ಜಾನ್ ಕಾನ್ವರ್ಸ್. ರೈಲು ಎಂಜಿನ್ ತಯಾರಿಸುವ ಉದ್ಯಮದ ಧನಿಕರು ಅವರು.

ರೈಲು ಎಂಜಿನ್ನಿನ ಈ ಮಾತು ಆಕಸ್ಮಿಕವಾದರೂ ಅರ್ಥಪೂರ್ಣವಾದುದು. ಪುಣೆಯಿಂದ ಬೆಳಗಾವಿಯತ್ತ ಬರುವ ಹಾದಿಯಲ್ಲಿ ಕೊಲ್ಲಾಪುರದ ಕವಲು ಮಿರಜಿನಲ್ಲಿ ಒಡೆಯುತ್ತದೆ. ಆ ಕವಲು ತೆರೆದದ್ದು 1891ರಲ್ಲಿ. ದಕ್ಷಿಣಕ್ಕೆ ಹೊರಟ ಗಾಡಿ ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾಗಳನ್ನು ದಾಟಿ ಬೆಳಗಾವಿ ಸೇರುತ್ತದೆ. ಮಿರಜು ಮಹಾನಗರವಲ್ಲ, ಒಂದು ಸಂಸ್ಥಾನದ ರಾಜಧಾನಿ ಮಾತ್ರ. ಆದರೆ ಸುತ್ತಣ ಹಳ್ಳಿಗಳ ಕಣ್ಣುಬೇನೆಯವರೂ ಗೆಡ್ಡೆಯಾದವರೂ ಹೆರಿಗೆ ಕಷ್ಟವಾದವರೂ ಅಲ್ಲಿಗೆ ಬಂದು ಸೇರಬಲ್ಲವರಾಗಿದ್ದರು. ವಾನ್ಲೆಸ್ ಅವರ ಕಣ್ಣುಪೊರೆಯ ಶಸ್ತ್ರಕ್ರಿಯೆ ಹೆಸರಾಯಿತು. ಅವರ ಕೈಕೆಳಗೆ ಈ ನಾಡಿನ ತರುಣರೇ ವೈದ್ಯರಾಗಿ ತರಬೇತಿ ಪಡೆದರು. ಕುಷ್ಠರೋಗಿಗಳಿಗೂ ಕ್ಷಯರೋಗಿಗಳಿಗೂ ಬೇರೆ ಬೇರೆ ಆಶ್ರಯಗಳು ಎದ್ದವು.

ಹೀಗೆ ಆರಿಸಿದ ಊರು ಒಳ್ಳೆಯದೇ ಆಗಿತ್ತು. ಆದರೂ ನಕ್ಷೆಯನ್ನು ಇನ್ನೊಮ್ಮೆ ನೋಡಬೇಕು. ಕಾಗವಾಡಕ್ಕೆ ಮಿರಜು ಬಾಗಿಲ ಬಳಿಯೇ ಇದ್ದಂತೆ. ಅಥಣಿ ಪಟ್ಟಣವನ್ನು ಆ ರೈಲು ಮುಟ್ಟಲಿಲ್ಲ. ಅಥಣಿಯ ಮೂಡಣ ದಿಕ್ಕಿನ, ಮಳೆ ಕಡಿಮೆಯಾದ ಹಳ್ಳಿಗಳವರಿಗೆ ಆಸ್ಪತ್ರೆಯ ಬಾಗಿಲಿಗಿಂತ ಮೊದಲು ದಾಟಬೇಕಾದುದು ಎತ್ತಿನ ಗಾಡಿಯ ದಾರಿ. ಎಲ್ಲರಿಗೂ ಹತ್ತಿರವಾದ ಊರನ್ನು ಆರಿಸಿದಾಗ ಅತ್ಯಂತ ದೂರದವನು ತಾನಾಗಿಯೇ ಹೊರಗುಳಿಯುತ್ತಾನೆ. ಇದು ವಾನ್ಲೆಸ್ ಅವರ ದೋಷವಲ್ಲ. ಒಂದೇ ಕಡೆ ಕಟ್ಟುವ ಎಲ್ಲ ಆಸ್ಪತ್ರೆಗಳ ಮಿತಿ.

ಇನ್ನೊಂದು ಬಗೆಯ ಆಯ್ಕೆಯನ್ನು ಹಳೆಯ ಮೈಸೂರು ಕಂಡಿತು. 1920ರ ದಶಕದ ಕೊನೆಗೆ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಮೈಸೂರು ಸರ್ಕಾರದೊಡನೆ ಸೇರಿ ಮಲೇರಿಯಾದ ಶೋಧಕ್ಕೆ ಕೈಹಾಕಿದಾಗ ಮೂಡಿಗೆರೆ, ಹಿರಿಯೂರು, ನಾಗೇನಹಳ್ಳಿ ಎಂಬ ಮೂರು ನೆಲೆಗಳು ಗೊತ್ತಾದವು: ಒಂದು ಮಲೆನಾಡು, ಒಂದು ಬಯಲುಸೀಮೆ, ಇನ್ನೊಂದು ಕಾವೇರಿಯ ನೀರಾವರಿ ನೆಲ. 1929ರಲ್ಲಿ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವೂ ಆರಂಭವಾಯಿತು. ಇಲ್ಲಿ ಊರನ್ನು ಆರಿಸಿದ್ದು ಮಾದರಿಯೆಂದು. ಅಲ್ಲಿ ಕಲಿತದ್ದನ್ನು ಬೇರೆಡೆಗೆ ಒಯ್ಯಬೇಕೆಂಬುದು ಉದ್ದೇಶ. ಸ್ಥಳೀಯ ಸರ್ಕಾರವೂ ವೆಚ್ಚದ ಪಾಲು ಹೊರಬೇಕು, ತನ್ನ ಪಾಲು ವರ್ಷದಿಂದ ವರ್ಷಕ್ಕೆ ತಗ್ಗುತ್ತ ಹೋಗಬೇಕು ಎಂಬುದು ಆ ಪ್ರತಿಷ್ಠಾನದ ನೀತಿ. ಕೊಡುವವನು ಬರುವಾಗಲೇ ಹೋಗುವ ದಿನವನ್ನು ಎಣಿಸಿಕೊಂಡಿರಬೇಕು ಎಂಬ ಈ ವಿವೇಕ ಸಣ್ಣದಲ್ಲ.

ಹೊರಗಿನವರು ಬರುವುದೊಂದೇ ದಾರಿಯಲ್ಲ ಎಂಬುದಕ್ಕೂ ಅದೇ ರೈಲುಹಾದಿಯ ಮೇಲೆ ಸಾಕ್ಷಿಯಿದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಅಭ್ಯಸಿಸಿ ಬಂದ ಡಾ. ನಾ. ಸು. ಹರ್ಡೀಕರರು ಸೇವಾದಳವನ್ನು ಕಟ್ಟಿದಂತೆಯೇ ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮಕ್ಕೂ ತಮ್ಮ ಬಾಳನ್ನು ತೆತ್ತರು. ಅಲ್ಲಿ ಹೊರದೇಶದಿಂದ ಬಂದದ್ದು ವಿದ್ಯೆ. ಊರನ್ನು ಗುರುತಿಸಿದ ಕಣ್ಣು ನಮ್ಮದೇ.

ಮೂರನೆಯ ಬಗೆ ನಮ್ಮ ಕಾಲಕ್ಕೆ ಸೇರಿದ್ದು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ, ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದವರೂ ಅಮೆರಿಕದ ವೈದ್ಯರೂ ಕೂಡಿ, ಅಮೆರಿಕದ ನೆರವಿನಿಂದ ಒಂದು ಪರೀಕ್ಷೆ ನಡೆಸಿದರು. ಹೆರಿಗೆಯ ಬಳಿಕದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ತಡೆಯಬಲ್ಲುದೆ ಎಂಬುದು ಪ್ರಶ್ನೆ. 1,620 ಬಾಣಂತಿಯರಲ್ಲಿ 812 ಮಂದಿಗೆ ಆ ಮಾತ್ರೆ, 808 ಮಂದಿಗೆ ಔಷಧವಿಲ್ಲದ ಮಾತ್ರೆ ದೊರೆಯಿತು. ಕೊಟ್ಟವರು, ಸೋರಿದ ರಕ್ತವನ್ನು ಅಳೆದವರು 25 ಮಂದಿ ದಾದಿಯರು. ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದದ್ದು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಿಂದ ಲೋಕ ಕಲಿತ ಪಾಠವಿದು.

ಆದರೆ ಈ ಹಳ್ಳಿಗಳು ಆಯ್ಕೆಗೆ ಅರ್ಹವಾದುದು ಹೇಗೆ? ಅಲ್ಲಿ ಹೆರಿಗೆ ಮನೆಯಲ್ಲೋ ಉಪಕೇಂದ್ರದಲ್ಲೋ ಆಗುತ್ತಿತ್ತು, ಸುಸಜ್ಜಿತ ಆಸ್ಪತ್ರೆ ದೂರವಿತ್ತು ಎಂಬುದರಿಂದ. ಕೊರತೆಯೇ ಇಲ್ಲಿ ಅರ್ಹತೆಯಾಯಿತು. ಔಷಧವಿಲ್ಲದ ಮಾತ್ರೆ ನುಂಗಿದ 808 ಮಂದಿಯನ್ನು ನೆನೆದಾಗ ಮನಸ್ಸು ಒಮ್ಮೆ ನಿಲ್ಲುತ್ತದೆ. ಅಂಥ ಹೋಲಿಕೆಯಿಲ್ಲದೆ ಉತ್ತರ ಸಿಕ್ಕದು, ಉತ್ತರವಿಲ್ಲದೆ ಮುಂದಿನ ಲಕ್ಷಾಂತರ ಬಾಣಂತಿಯರಿಗೆ ಮಾತ್ರೆ ಸಿಕ್ಕದು ಎಂಬ ವಾದ ಹುರುಳುಳ್ಳದ್ದೇ. ಆದರೆ ಅದು ಆ ತಾಯಂದಿರಿಗೆ ನಾವು ಪಟ್ಟ ಋಣವನ್ನು ಹೆಚ್ಚಿಸುತ್ತದೆಯೇ ಹೊರತು ತೀರಿಸುವುದಿಲ್ಲ. ಪರೀಕ್ಷೆ ನಡೆದ ಹಳ್ಳಿಗೆ ಅದರ ಫಲ ಮೊದಲು ಮುಟ್ಟಬೇಕು.

ಈ ಮೂರೂ ಬಗೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಹೊಳೆಯುವುದಿಷ್ಟು. ಮಿರಜಿನ ಅಳತೆಗೋಲು ದಾರಿ, ಮಂಡ್ಯದ್ದು ಮಾದರಿ, ಬೆಳಗಾವಿಯದು ಕೊರತೆ. ಮೂರೂ ಸಲ್ಲುವ ಅಳತೆಗಳೇ. ಆದರೆ ಮೂರೂ ಹೊರಗಿನಿಂದ ಹಿಡಿದ ಕೋಲುಗಳು. ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸಿನ ಕೆಮ್ಮು ಆಸ್ಪತ್ರೆಯ ದೂರವನ್ನು ಅಳೆಯುವವರಿಗೆ ಕಾಣಿಸದು. ಅವಳನ್ನು ಕೇಳಿದರೆ ಮಾತ್ರ ತಿಳಿದೀತು. 1956ರಲ್ಲಿ ರಾಜ್ಯಗಳ ಗಡಿ ಕಾಗವಾಡಕ್ಕೂ ಮಿರಜಿಗೂ ನಡುವೆ ಬಿದ್ದರೂ ರೋಗಿಗಳ ಕಾಲುದಾರಿ ಬದಲಾಗಲಿಲ್ಲವೆಂಬುದೂ ಕಚೇರಿಯ ನಕ್ಷೆಯಲ್ಲಿಲ್ಲ, ಜನರ ನಡಿಗೆಯಲ್ಲಿದೆ.

ಇಂದು ಭಾರತೀಯರೂ, ಹೊರದೇಶದಲ್ಲಿ ನೆಲೆಸಿದ ಕನ್ನಡಿಗರೂ ಕೊಡುವವರ ಸಾಲಿನಲ್ಲಿದ್ದಾರೆ. ಆಫ್ರಿಕದ ಒಂದು ಹಳ್ಳಿಯನ್ನೋ ಅಥಣಿಯ ಒಂದು ಹಳ್ಳಿಯನ್ನೋ ಆರಿಸಲು ಅವರು ಕುಳಿತಾಗ ನಕ್ಷೆಯನ್ನೂ ಅಂಕಿಗಳನ್ನೂ ಅವಶ್ಯವಾಗಿ ನೋಡಲಿ. ಅದರೊಡನೆ ಆ ಊರಿನ ದಾದಿಯನ್ನೂ ಸೂಲಗಿತ್ತಿಯನ್ನೂ ಕೇಳಲಿ. ಬೇಡವೆನ್ನುವ ಹಕ್ಕು ಊರಿಗಿದೆಯೆಂದು ಒಪ್ಪಲಿ. ತಾವು ಹೋದ ಮೇಲೆ ಅಲ್ಲಿ ಉಳಿಯುವ ಕೈಗಳು ಯಾರವೆಂದು ಮೊದಲ ದಿನವೇ ವಿಚಾರಿಸಲಿ. ಊರನ್ನು ಆರಿಸುವುದು ಎಂದರೆ ಆ ಊರೂ ತಮ್ಮನ್ನು ಆರಿಸಲು ಎಡೆಮಾಡಿಕೊಡುವುದು.