ಮನೆತನದ ಕೋವಿ, ಕಂಪೆನಿಯ ಮುದ್ರೆ

ಚುನಾವಣೆ ಘೋಷಣೆಯಾದೊಡನೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪೊಲೀಸ್ ಠಾಣೆಗಳಿಗೆ ಅಡಿಕೆ ಬೆಳೆಗಾರರು ಕೋವಿ ಹಿಡಿದು ಬರುವುದು ಇಲ್ಲಿಯವರಿಗೆ ಹೊಸ ನೋಟವಲ್ಲ. ರಶೀದಿ ಪಡೆದು ಹಿಂದಿರುಗುವ ರೈತನಿಗೆ ಎರಡು ಚಿಂತೆ. ಮತ ಎಣಿಕೆ ಮುಗಿಯುವ ತನಕ ತೋಟಕ್ಕಿಳಿಯುವ ಹಂದಿ, ಮಂಗಗಳನ್ನು ಬೆದರಿಸುವುದು ಹೇಗೆ? ಎಣ್ಣೆ ಕಾಣದ ಕೋವಿಗೆ ತುಕ್ಕು ಹಿಡಿದರೆ ಗತಿಯೇನು? ಮೊದಲನೆಯದಕ್ಕೆ ಗರ್ನಾಲು ಸುಡಬಹುದು. ಎರಡನೆಯದಕ್ಕೆ ಪರಿಹಾರವಿಲ್ಲ. ಹೊಸ ಕೋವಿ ಕೊಳ್ಳಬಾರದೆ ಎಂದರೆ, ಅಜ್ಜನ ಕಾಲದ ಕೋವಿಗೆ ಸಮನಾದದ್ದು ಇನ್ನೆಲ್ಲಿ ಎಂಬ ಉತ್ತರ ಬರುತ್ತದೆ.

ಬೇಟೆಗಾರರಿಗೂ ಬಂದೂಕಿಗೂ ಇರುವ ಇಂಥ ನಂಟು ಲೋಕಪ್ರಸಿದ್ಧ. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದ ಜಿಮ್ ಕಾರ್ಬೆಟ್‌ಗೆ ಬಹುಮಾನವಾಗಿ ಬಂದದ್ದು ರಿಗ್ಬಿ ಕಂಪೆನಿಯ .275 ರೈಫಲು. ಅದನ್ನು 2015ರಲ್ಲಿ ರಿಗ್ಬಿ ಕಂಪೆನಿಯೇ ಮರಳಿ ಕೊಂಡುಕೊಂಡಿತು. ಬೆಂಗಳೂರಿನ ಕೆನೆತ್ ಆಂಡರ್ಸನ್‌ಗೆ ವಿಂಚೆಸ್ಟರ್ ಕಂಪೆನಿಯ .405 ರೈಫಲಿನ ಮೇಲೆಯೇ ಭರವಸೆ. ಎದುರಿಗೆ ಹುಲಿ ನಿಂತಾಗ ಕೈಕೊಡದ ಬಂದೂಕಿನ ಮೇಲೆ ಒಲವು ಹುಟ್ಟುವುದು ಸಹಜವೇ.

ಆದರೆ ತುಳುನಾಡಿನ ರೈತನ ಕೈಯಲ್ಲಿರುವುದು ಸಾಮಾನ್ಯವಾಗಿ ರೈಫಲಲ್ಲ. ರೈಫಲಿನ ನಳಿಗೆಯ ಒಳಗೆ ಸುರುಳಿ ಗೆರೆಗಳಿರುತ್ತವೆ. ಗುಂಡು ತಿರುಗುತ್ತ ಬಹುದೂರ ಹೋಗುತ್ತದೆ. ಊರಿನ ಕೋವಿಯ, ತುಳುವಿನಲ್ಲಿ ಹೇಳುವುದಾದರೆ ಬೆಡಿಯ, ನಳಿಗೆ ಒಳಗೆ ನುಣುಪು. ಇದರ ಹಿಂದೆ ಕಾನೂನೂ ಇದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮು ಆತ್ಮರಕ್ಷಣೆಗೆ ಮತ್ತು ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನೂ, ಬೆಳೆರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನೂ ಹೆಸರಿಸುತ್ತದೆ. ಬೆಳೆ ಕಾಯಲು ಕೇಪಿನ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿಗೂ ಪರವಾನಗಿ ಸಿಗುತ್ತದೆ.

ತೋಟೆ ಕೋವಿಗಳಲ್ಲಿ ಹೆಚ್ಚು ಪ್ರಚಲಿತವಾದದ್ದು ಹನ್ನೆರಡು ಬೋರಿನದು. ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಗುಂಡುಗಳನ್ನು ಮಾಡಿದರೆ ಒಂದೊಂದರ ಅಡ್ಡಳತೆ ಎಷ್ಟೋ ಅಷ್ಟೇ ನಳಿಗೆಯ ಒಳ ಅಗಲ. ಅಂದರೆ ಸುಮಾರು 18.5 ಮಿಲಿಮೀಟರ್. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್, ಗ್ರೀನರ್ ಮುಂತಾದ ಕಂಪೆನಿಗಳ ಜೋಡುನಳಿಗೆಗೆ ಭಾರತದಲ್ಲಿ ವಿಶೇಷ ಗೌರವವಿತ್ತು. 1980ರ ದಶಕದಲ್ಲಿ ಖಾಸಗಿ ಆಮದಿಗೆ ತಡೆ ಬಿದ್ದ ಮೇಲೆ ಆ ಹೆಸರುಗಳ ಬೆಲೆ ಇನ್ನೂ ಏರಿತು. ಹೊಸದು ಬೇಕೆಂದವರ ಪಾಲಿಗೆ ಮುಖ್ಯವಾಗಿ ಉಳಿದದ್ದು ಸರಕಾರಿ ಆರ್ಡ್ನೆನ್ಸ್ ಕಾರ್ಖಾನೆಯ ಕೋವಿ.

ಹಾಗಾದರೆ ಈ ನಿಷ್ಠೆ ಬರಿಯ ಹೆಸರಿನ ಮೋಹವೆ? ಅಲ್ಲ. ಇಂಥ ಕೋವಿಗೆ ಸಾಮಾನ್ಯವಾಗಿ ಹಿಂದಿನ ಗುರಿಕಣ್ಣು ಇರುವುದಿಲ್ಲ. ಆ ಕೆಲಸ ಮಾಡುವುದು ಹೊಡೆಯುವವನ ಕಣ್ಣೇ. ಹಿಡಿಮರದ ಉದ್ದ, ಬಾಗು ಹೆಗಲಿಗೂ ಕೆನ್ನೆಗೂ ಒಗ್ಗಿದರೆ ಮಾತ್ರ ಈಡು ಗುರಿ ಸೇರುತ್ತದೆ. ಒಂದಕ್ಕೆ ಪಳಗಿದ ಹೆಗಲಿಗೆ ಇನ್ನೊಂದು ಒಗ್ಗುವುದು ಕಷ್ಟ. ಆದರೆ ನಂಬಿಕೆ ಕುರುಡಾದರೆ ಅಪಾಯವೂ ಉಂಟು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಎಷ್ಟೋ ಎರಡೂವರೆ ಇಂಚಿನ ತೋಟೆಗೆ ಮಾಡಿದವು. ಇಂದಿನ ಸಾಮಾನ್ಯ ತೋಟೆ ಎರಡೂಮುಕ್ಕಾಲು ಇಂಚಿನದು. ಅದು ಒಳಗೆ ಕೂತರೂ ಸಿಡಿದಾಗ ಬಾಯಿ ಬಿಚ್ಚಲು ಎಡೆಯಿಲ್ಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲಿನ ಪರೀಕ್ಷಾ ಮುದ್ರೆಯನ್ನು ಓದಬೇಕಾದದ್ದು ಈ ಕಾರಣಕ್ಕೆ.

ಕೋವಿ ಮನೆತನದ ಸ್ವತ್ತಾದದ್ದಕ್ಕೆ ಚರಿತ್ರೆಯೂ ಕಾರಣ. 1837ರಲ್ಲಿ ಕಲ್ಯಾಣಪ್ಪನ ದಂಡು ಬಂಟ್ವಾಳದ ದಾರಿಯಾಗಿ ಮಂಗಳೂರನ್ನು ಹಿಡಿಯಿತು. ಅದನ್ನು ಅಡಗಿಸಲು ಕೊಡವರು ಕಂಪೆನಿಗೆ ನೆರವಾದರು. ಅವರ ನಿಷ್ಠೆಯನ್ನು ಮೆಚ್ಚಿ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರಿಗೆ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಇಂದಿನ ವಿನಾಯಿತಿಯ ಅವಧಿ 2029ರ ತನಕ. ನೆರೆಯ ದಕ್ಷಿಣ ಕನ್ನಡಕ್ಕೆ ಆ ಭಾಗ್ಯವಿಲ್ಲ. 1878ರ ಕಾಯಿದೆಯಿಂದೀಚೆಗೆ ಇಲ್ಲಿ ಪರವಾನಗಿಯೇ ಗತಿ. ಪರವಾನಗಿ ಪುಸ್ತಕದಲ್ಲಿ ಕೋವಿಯ ಸಂಖ್ಯೆ, ತಯಾರಕರ ಹೆಸರು ಎಲ್ಲವೂ ದಾಖಲು. ಮನಸ್ಸು ಬಂದಾಗ ಬದಲಿಸುವ ವಸ್ತು ಅದಲ್ಲ.

ಬೇಟೆಯ ಕಾಲವಂತೂ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿ ಬೇಟೆಯ ಲೈಸೆನ್ಸುಗಳನ್ನೇ ತೆಗೆದುಹಾಕಿತು. ಬೆಳೆ ತಿನ್ನುವ ಹಂದಿಯನ್ನಾದರೂ ಅಧಿಕಾರಿಯ ಲಿಖಿತ ಆದೇಶವಿಲ್ಲದೆ ಕೊಲ್ಲುವಂತಿಲ್ಲ. ಹಾಗಾಗಿ ಕೋವಿ ಈಗ ಕೊಲ್ಲುವುದಕ್ಕಿಂತ ಸದ್ದು ಮಾಡುವ ಸಾಧನ. ನವರಾತ್ರಿಯ ಆಯುಧಪೂಜೆಯಲ್ಲಿ ಕತ್ತಿ, ಹಾರೆಗಳ ಸಾಲಿನಲ್ಲಿ ಕೂರುವ ಹಿರಿಯ.

ಅದರ ಮುಂದಿನ ಬಾಳು ಕಾಗದದ ಮೇಲೆ ನಿಂತಿದೆ. ಪರವಾನಗಿದಾರ ಗತಿಸಿದರೆ ಕೋವಿಯನ್ನು ಠಾಣೆಯಲ್ಲೋ ಅಧಿಕೃತ ವ್ಯಾಪಾರಿಯಲ್ಲೋ ಒಪ್ಪಿಸಿ ವಾರಸುದಾರ ಹೊಸದಾಗಿ ಅರ್ಜಿ ಹಾಕಬೇಕು. 2016ರ ನಿಯಮಗಳ ಪ್ರಕಾರ, ಯಜಮಾನನಿಗೆ 70 ತುಂಬಿದ್ದರೆ ಅಥವಾ ಕೋವಿ ಆತನಲ್ಲಿ 25 ವರ್ಷ ಇದ್ದಿದ್ದರೆ, ಬದುಕಿರುವಾಗಲೇ ಅದನ್ನು ವಾರಸುದಾರನ ಹೆಸರಿಗೆ ಮಾಡಿಸಬಹುದು. ಮಕ್ಕಳು ಬೆಂಗಳೂರು, ಮುಂಬಯಿ ಸೇರಿದ ಮನೆಗಳಲ್ಲಿ ಆ ಅರ್ಜಿಗೆ ಸಹಿ ಹಾಕುವವರೇ ಇಲ್ಲ. ಕಂಪೆನಿಯ ಮುದ್ರೆ ಎಷ್ಟೇ ದೊಡ್ಡದಿರಲಿ, ತೋಟದಲ್ಲಿ ಉಳಿಯುವ ಹೆಗಲು ಇಲ್ಲದಿದ್ದರೆ ಅಜ್ಜನ ಕೋವಿಯ ಕೊನೆಯ ದಾರಿಯೂ ಠಾಣೆಯ ಕಡೆಗೇ.