ಕತ್ತರಿ ಕೈಯವನಿಗಾಗಿ ಅತ್ತವರು

ಈ ಸಲದ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ, ಶಾಸನವೂ ಇಲ್ಲ. ಒಂದು ಸಿನಿಮಾ ಇದೆ, ಅದನ್ನು ನೋಡಿ ಅತ್ತವರ ಚರಿತ್ರೆ ಇದೆ. ಅಳೋದಕ್ಕೂ ಚರಿತ್ರೆ ಇರುತ್ತಾ ಅಂತ ಕೇಳಬಹುದು. ಇರುತ್ತೆ. ಯಾವ ಕಾಲದ ಜನ ಯಾರಿಗಾಗಿ ಅತ್ತರು, ಯಾರಿಗಾಗಿ ಅಳಲಿಲ್ಲ ಅನ್ನೋದು ಸಣ್ಣ ವಿಷಯ ಅಲ್ಲ.

ಶುರುವಾಗಿದ್ದು ನಮ್ಮ ಮನೆಯಲ್ಲೇ. ಒಂಬತ್ತನೇ ಕ್ಲಾಸಿನ ಮಗಳ ಜೊತೆ ಒಂದು ಭಾನುವಾರ ‘ಎಡ್ವರ್ಡ್ ಸಿಸರ್‌ಹ್ಯಾಂಡ್ಸ್’ ನೋಡ್ತಾ ಕೂತಿದ್ದೆ. ನಾನು ಮೊದಲು ನೋಡಿದ್ದು ಹಾಸ್ಟೆಲಿನಲ್ಲಿ, ಬಾಡಿಗೆ ಸೀಡಿಯಲ್ಲಿ. ಆಗ ಅತ್ತಿದ್ದೆ. ಈ ಸಲ ಅಳೋದಿಲ್ಲ ಅಂದುಕೊಂಡಿದ್ದೆ, ಆಗಲಿಲ್ಲ. ಮಗಳು ಮಾತ್ರ ಅಳಲಿಲ್ಲ. ಸಿನಿಮಾ ಮುಗಿದ ಮೇಲೆ ನನ್ನ ಕಡೆ ತಿರುಗಿ, ‘ಅಪ್ಪ, ಅಷ್ಟು ವರ್ಷದಲ್ಲಿ ಅವಳು ಒಂದ್ಸಲಾನೂ ಯಾಕೆ ಮೇಲೆ ಹೋಗ್ಲಿಲ್ಲ?’ ಅಂದಳು.

ನೋಡದವರಿಗೆ ಕಥೆ ಹೇಳಿಬಿಡ್ತೀನಿ. ಒಂದೂರಿನ ಪಕ್ಕದ ಗುಡ್ಡದ ಮೇಲೆ ಪಾಳುಬಿದ್ದ ಬಂಗಲೆ. ಅಲ್ಲೊಬ್ಬ ಮುದಿ ವಿಜ್ಞಾನಿ ಒಬ್ಬ ಹುಡುಗನನ್ನು ಕೈಯಾರೆ ತಯಾರಿಸಿದ್ದಾನೆ. ಎಲ್ಲ ಮುಗಿದಿದೆ, ಕೈ ಮಾತ್ರ ಬಾಕಿ. ಬೆರಳಿದ್ದ ಜಾಗದಲ್ಲಿ ಉದ್ದುದ್ದ ಕತ್ತರಿ ಅಲಗುಗಳು. ನಿಜವಾದ ಕೈಗಳನ್ನು ಉಡುಗೊರೆಯಾಗಿ ಕೊಡುವ ಹೊತ್ತಿಗೇ ಮುದುಕ ಕುಸಿದು ಸಾಯುತ್ತಾನೆ. ಹುಡುಗ ಅವನ ಮುಖ ಮುಟ್ಟಿ ನೋಡಲು ಹೋದರೆ ಅಲಗು ತಾಗಿ ಗಾಯವಾಗುತ್ತೆ. ಎಷ್ಟೋ ಕಾಲದ ನಂತರ, ಏವಾನ್ ಕಂಪನಿಯ ಪೌಡರು ಲಿಪ್‌ಸ್ಟಿಕ್ಕುಗಳನ್ನು ಮನೆಮನೆಗೆ ಹೊತ್ತು ಮಾರುವ ಪೆಗ್ ಎಂಬ ಹೆಂಗಸು ಅಲ್ಲಿಗೆ ಹೋಗಿ, ಅವನನ್ನು ಕಂಡು, ಕಾರಿನಲ್ಲಿ ಕೂರಿಸಿ ಮನೆಗೆ ಕರೆತರುತ್ತಾಳೆ.

ಕೇರಿಯವರೆಲ್ಲ ಕುತೂಹಲದಿಂದ ಬರ್ತಾರೆ. ಎಡ್ವರ್ಡ್ ಅವರ ಅಂಗಳದ ಗಿಡಗಳನ್ನು ಪ್ರಾಣಿಗಳ ಆಕಾರಕ್ಕೆ ಕತ್ತರಿಸುತ್ತಾನೆ, ನಾಯಿಗಳ ಕೂದಲು ಕತ್ತರಿಸುತ್ತಾನೆ, ಆಮೇಲೆ ಹೆಂಗಸರದ್ದು. ಎಲ್ಲರಿಗೂ ಬೇಕಾದವನಾಗ್ತಾನೆ. ಪೆಗ್‌ಳ ಮಗಳು ಕಿಮ್‌ಳ ಮೇಲೆ ಅವನಿಗೆ ಮನಸ್ಸು. ಅವಳ ಗೆಳೆಯ ಜಿಮ್ ತನ್ನಪ್ಪನ ಮನೆಗೇ ಕನ್ನ ಹಾಕಲು ಇವನ ಕೈಯನ್ನು ಬಳಸಿಕೊಂಡು, ಸಿಕ್ಕಿಬೀಳುವಾಗ ಬಿಟ್ಟು ಓಡುತ್ತಾನೆ. ಅಲ್ಲಿಂದ ಊರು ತಿರುಗಿಬೀಳುತ್ತೆ. ಕೊನೆಗೆ ಕಿಮ್ ಜನರಿಗೆ ‘ಅವನು ಸತ್ತ’ ಅಂತ ಸುಳ್ಳು ಹೇಳಿ ಅವನನ್ನು ಉಳಿಸುತ್ತಾಳೆ. ಅವನು ಬಂಗಲೆಯಲ್ಲಿ ಒಬ್ಬನೇ ಮಂಜುಗಡ್ಡೆ ಕೆತ್ತುತ್ತಾ ಇರುತ್ತಾನೆ, ಕೆತ್ತಿದ ಚೂರು ಊರಿನ ಮೇಲೆ ಹಿಮವಾಗಿ ಬೀಳುತ್ತೆ. ಮುದುಕಿಯಾದ ಕಿಮ್ ಮೊಮ್ಮಗಳಿಗೆ ಇದನ್ನೆಲ್ಲ ಹೇಳುತ್ತಿದ್ದಾಳೆ. ಇಷ್ಟೇ ಕಥೆ.

ನಿರ್ದೇಶಕ ಟಿಮ್ ಬರ್ಟನ್. 1958ರಲ್ಲಿ ಹುಟ್ಟಿ, ಲಾಸ್ ಏಂಜಲೀಸ್ ಪಕ್ಕದ ಬರ್‌ಬ್ಯಾಂಕ್‌ನಲ್ಲಿ ಬೆಳೆದವರು. ಬೆರಳಿನ ಬದಲು ಅಲಗುಗಳಿರುವ ಹುಡುಗನ ಚಿತ್ರವನ್ನು ಅವರು ಹದಿಹರೆಯದಲ್ಲೇ ಬರೆದಿಟ್ಟಿದ್ದರು. ಯಾರನ್ನಾದರೂ ಮುಟ್ಟಬೇಕು ಅನಿಸುತ್ತೆ, ಮುಟ್ಟಲಾಗುವುದಿಲ್ಲ. ಆ ಚಿತ್ರದಲ್ಲಿದ್ದದ್ದು ಅದು. ಅದನ್ನು ಚಿತ್ರಕಥೆ ಮಾಡಿದವರು ಕ್ಯಾರೊಲೈನ್ ಥಾಂಪ್ಸನ್. ಎಡ್ವರ್ಡ್‌ನನ್ನು ಕಲ್ಪಿಸಿಕೊಳ್ಳುವಾಗ ತಮ್ಮ ನಾಯಿ ಕಣ್ಣಮುಂದಿತ್ತು ಅಂತ ಆಕೆ ಹೇಳಿಕೊಂಡಿದ್ದಾರೆ. ಕೇಳಿದಾಗ ನಗು ಬಂತು. ಆಮೇಲೆ ಜಾನಿ ಡೆಪ್‌ರ ಕಣ್ಣು ನೋಡಿ, ಸರಿಯಾಗೇ ಇದೆ. ಎಲ್ಲ ಅರ್ಥವಾಗುತ್ತಿದೆ, ಹೇಳೋಕೆ ಬಾಯಿಲ್ಲ.

ಚಿತ್ರೀಕರಣ ನಡೆದಿದ್ದು ಫ್ಲೋರಿಡಾದ ಟ್ಯಾಂಪಾ ಹತ್ತಿರದ ಲಟ್ಸ್‌ನಲ್ಲಿ, ಜನ ವಾಸವಿದ್ದ ನಿಜವಾದ ಬಡಾವಣೆಯಲ್ಲಿ. ಮನೆಗಳಿಗೆಲ್ಲ ತಿಳಿ ಹಸಿರು, ತಿಳಿ ಹಳದಿ, ಮಾಸಲು ಗುಲಾಬಿ ಬಣ್ಣ ಬಳಿದರು. ಎಲ್ಲರ ಮನೆ ಒಂದೇ ಥರ, ಎಲ್ಲರ ಕಾರೂ ಬೆಳಿಗ್ಗೆ ಒಂದೇ ಹೊತ್ತಿಗೆ ಹೊರಡುತ್ತೆ. ಗುಡ್ಡದ ಮೇಲಿನ ಬಂಗಲೆ ಮಾತ್ರ ಕಪ್ಪು. ಭಯ ಎಲ್ಲಿಂದ ಬರಬೇಕು ಅಂತ ನಾವು ಅಂದುಕೊಳ್ತೀವೋ ಅಲ್ಲಿಂದ ಬರೋದಿಲ್ಲ, ತಿಳಿ ಬಣ್ಣದ ಮನೆಗಳಿಂದ ಬರುತ್ತೆ.

ಚಿತ್ರ ತೆರೆಗೆ ಬಂದಿದ್ದು 1990ರ ಡಿಸೆಂಬರ್‌ನಲ್ಲಿ. ಒಂದು ತಿಂಗಳ ಹಿಂದೆ, ನವೆಂಬರ್‌ನಲ್ಲಿ, ‘ಹೋಮ್ ಅಲೋನ್’ ಬಂದಿತ್ತು. ಸ್ವಾರಸ್ಯ ನೋಡಿ, ಎರಡೂ ವಾರ್ನರ್ ಬ್ರದರ್ಸ್ ಕೈಬಿಟ್ಟು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಎತ್ತಿಕೊಂಡ ಚಿತ್ರಗಳು. ಎರಡರಲ್ಲೂ ಅಚ್ಚುಕಟ್ಟಾದ ಬಡಾವಣೆ, ಕ್ರಿಸ್‌ಮಸ್, ಕನ್ನ. ಒಂದರಲ್ಲಿ ಹುಡುಗ ಹೊರಗಿನವರು ಮನೆಯೊಳಗೆ ಬರದಂತೆ ಕಾಯುತ್ತಾನೆ, ನಾವು ಹೊಟ್ಟೆ ಹುಣ್ಣಾಗುವಂತೆ ನಗ್ತೀವಿ. ಇನ್ನೊಂದರಲ್ಲಿ ಹೊರಗಿನವನನ್ನು ಒಳಗೆ ಕರೆದು, ಮತ್ತೆ ಅಟ್ಟುತ್ತಾರೆ. ಮೊದಲನೆಯದು ಜಗತ್ತಿನಾದ್ಯಂತ 47 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಎರಡನೆಯದು ಸುಮಾರು 8.6 ಕೋಟಿ. ಸೋತ ಚಿತ್ರವಲ್ಲ, ಆದರೆ ಜನ ಯಾವ ಕಡೆ ಹೆಚ್ಚು ಹೋದರು ಅನ್ನೋದು ಗೊತ್ತಾಗುತ್ತೆ. ವಿಮರ್ಶಕ ರೋಜರ್ ಈಬರ್ಟ್ ನಾಲ್ಕರಲ್ಲಿ ಎರಡೇ ನಕ್ಷತ್ರ ಕೊಟ್ಟರು. ಕೊನೆಯ ಹೊಡೆದಾಟ ಅವರಿಗೆ ಹಿಡಿಸಲಿಲ್ಲ. ಆ ಮಟ್ಟಿಗೆ ನನ್ನದೂ ಅದೇ ತಕರಾರು. ಜಿಮ್‌ನನ್ನು ಕೊಲ್ಲಬೇಕಾಗಿರಲಿಲ್ಲ.

ಈಗ ಸ್ವಲ್ಪ ಹಿಂದಕ್ಕೆ, 1931ಕ್ಕೆ ಹೋಗೋಣ. ಎಡ್ವರ್ಡ್‌ನ ಅಜ್ಜ ಅಲ್ಲಿದ್ದಾನೆ.

ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ 1818ರ ಕಾದಂಬರಿ. ಅದರಲ್ಲಿ ವಿಜ್ಞಾನಿ ಸೃಷ್ಟಿಸಿದ ಜೀವಿ ಚೆನ್ನಾಗಿ ಮಾತಾಡುತ್ತೆ, ಪುಸ್ತಕ ಓದುತ್ತೆ, ವಾದ ಮಾಡುತ್ತೆ. ಜೇಮ್ಸ್ ವೇಲ್ ಅದನ್ನು ಸಿನಿಮಾ ಮಾಡಿದಾಗ ಅದರ ಬಾಯಿ ಕಿತ್ತುಕೊಂಡರು. ಉಳಿದದ್ದು ಗುರುಗುಟ್ಟುವಿಕೆ ಮತ್ತು ಕಣ್ಣು. ಆ ಕಣ್ಣು ಬೋರಿಸ್ ಕಾರ್ಲಾಫ್ ಅವರದ್ದು. ಚಿತ್ರದ ಆರಂಭದ ಹೆಸರುಪಟ್ಟಿಯಲ್ಲಿ ರಾಕ್ಷಸನ ಪಾತ್ರದ ಎದುರು ಹೆಸರೇ ಇಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ.

ಕಾರ್ಲಾಫ್ ನಿಜ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. 1887ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ತಂದೆ ಬ್ರಿಟಿಷ್ ಇಂಡಿಯಾದ ಉಪ್ಪಿನ ಸುಂಕದ ಇಲಾಖೆಯಲ್ಲಿದ್ದವರು, ಮನೆತನದಲ್ಲಿ ಭಾರತೀಯ ರಕ್ತ ಇತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಕಂದು ಮೈಬಣ್ಣದ ಹುಡುಗನಾಗಿ ಬೆಳೆಯುವುದು ಹೇಗಿದ್ದಿರಬಹುದು ಅಂತ ಯೋಚಿಸಿ. ಹೊರಗಿನವನಾಗಿರುವುದು ಅಂದರೇನು ಅಂತ ಅವರಿಗೆ ಮೇಕಪ್ ಮಾಡುವವರು ಹೇಳಿಕೊಡಬೇಕಾಗಿರಲಿಲ್ಲ. ಇದು ನನ್ನ ಊಹೆ, ಚರಿತ್ರೆ ಅಂತ ತಗೋಬೇಡಿ.

ಆ ಚಿತ್ರದಲ್ಲಿ ಒಂದು ಕೆರೆಯ ದೃಶ್ಯ ಇದೆ. ಮರಿಯಾ ಎಂಬ ಪುಟ್ಟ ಹುಡುಗಿ ರಾಕ್ಷಸನಿಗೆ ಹೆದರದೆ ಅವನ ಕೈಗೆ ಹೂ ಕೊಡ್ತಾಳೆ. ಇಬ್ಬರೂ ಹೂಗಳನ್ನು ನೀರಿಗೆ ಎಸೆಯುತ್ತಾರೆ, ಅವು ತೇಲುತ್ತವೆ. ಇವನ ಕೈಯಲ್ಲಿ ಹೂ ಮುಗಿಯುತ್ತೆ. ಹುಡುಗಿಯೂ ಹೂವಿನ ಹಾಗೆ ತೇಲುತ್ತಾಳೆ ಅಂದುಕೊಂಡು ಎತ್ತಿ ನೀರಿಗೆ ಹಾಕ್ತಾನೆ. ಮುಳುಗಿದಾಗ ಗಾಬರಿಯಾಗಿ ಓಡ್ತಾನೆ. ಮಗು ಸಾಯುವುದನ್ನು ತೋರಿಸಬಾರದು ಅಂತ ಸೆನ್ಸಾರಿನವರು ಕೊನೆಯ ಭಾಗಕ್ಕೆ ಕತ್ತರಿ ಹಾಕಿದರು. ಪರಿಣಾಮ ಏನು? ದಶಕಗಳ ಕಾಲ ಓಡಿದ ಪ್ರತಿಗಳಲ್ಲಿ ರಾಕ್ಷಸ ನಗುತ್ತಾ ಹುಡುಗಿಯ ಕಡೆ ಕೈ ಚಾಚುತ್ತಾನೆ, ಅಲ್ಲಿಗೆ ದೃಶ್ಯ ಕಡಿದುಹೋಗುತ್ತೆ. ಮುಂದೆ ಅಪ್ಪ ಸತ್ತ ಮಗಳನ್ನು ಎತ್ತಿಕೊಂಡು ಊರೊಳಗೆ ನಡೆಯುತ್ತಿದ್ದಾನೆ. ನಡುವೆ ಏನಾಯಿತು ಅನ್ನೋದು ಪ್ರೇಕ್ಷಕರ ಊಹೆಗೆ. ನಡೆದದ್ದಕ್ಕಿಂತ ಹೊಲಸಾದ ಊಹೆ. ಆ ತುಣುಕು ಮರಳಿ ಸೇರಿದ್ದು 1980ರ ದಶಕದಲ್ಲಿ. ಅಲ್ಲಿಯವರೆಗೆ ಒಬ್ಬ ದಡ್ಡ, ಪಾಪದವನು ದುಷ್ಟನಾಗಿ ಓಡಾಡಿದ.

ಆದರೂ ಮಕ್ಕಳು ಅವನಿಗಾಗಿ ಮರುಗಿದರು. ಕಾರ್ಲಾಫ್‌ಗೆ ಮಕ್ಕಳಿಂದ ಪತ್ರ ಬರುತ್ತಿದ್ದವು. ಹೆದರಿ ಬರೆದವಲ್ಲ, ಪಾಪ ಅಂತ ಬರೆದವು. ಇದನ್ನು ಅವರು ಮುಂದೆ ಬಹಳ ಪ್ರೀತಿಯಿಂದ ನೆನೆಯುತ್ತಿದ್ದರು. ದೊಡ್ಡವರಿಗೆ ರಾಕ್ಷಸ ಕಂಡ ಕಡೆ ಮಕ್ಕಳಿಗೆ ಪೆಟ್ಟು ತಿಂದವನು ಕಂಡ.

ಆ ಥರದ ಮಗುಗಳಲ್ಲಿ ಬರ್ಟನ್ ಒಬ್ಬರು. ಹಳೇ ಭಯಾನಕ ಚಿತ್ರಗಳನ್ನು ಟೀವಿಯಲ್ಲಿ ನೋಡುತ್ತಾ, ನಟ ವಿನ್ಸೆಂಟ್ ಪ್ರೈಸ್‌ರನ್ನು ಆರಾಧಿಸುತ್ತಾ ಬೆಳೆದವರು. 1982ರಲ್ಲಿ ಡಿಸ್ನಿಯಲ್ಲಿದ್ದಾಗ ‘ವಿನ್ಸೆಂಟ್’ ಅನ್ನೋ ಪುಟ್ಟ ಚಿತ್ರ ಮಾಡಿ ಅದಕ್ಕೆ ಪ್ರೈಸ್ ಅವರಿಂದಲೇ ಧ್ವನಿ ಕೊಡಿಸಿದರು. ಎಡ್ವರ್ಡ್‌ನನ್ನು ಸೃಷ್ಟಿಸಿ ಸಾಯುವ ಮುದುಕನೂ ಅದೇ ಪ್ರೈಸ್. ಆರೋಗ್ಯ ಕೆಟ್ಟಿತ್ತು, ದೃಶ್ಯಗಳು ಕೆಲವೇ. 1993ರಲ್ಲಿ ಅವರು ತೀರಿಕೊಂಡರು. ಆ ಸಾವಿನ ದೃಶ್ಯವನ್ನು ಈಗ ನೋಡಿದರೆ ನಟನೆ ಎಲ್ಲಿ ಮುಗೀತು ಅಂತ ಹೇಳೋದು ಕಷ್ಟ.

ಜನ ಎಲ್ಲಿ ಅಳ್ತಾರೆ? ನಾನು ಕೇಳಿದವರೆಲ್ಲ ಎರಡು ಜಾಗ ಹೇಳ್ತಾರೆ. ಒಂದು, ಮಂಜುಗಡ್ಡೆಯ ದೇವತೆಯನ್ನು ಕೆತ್ತುವಾಗ ಉದುರುವ ಹಿಮದಲ್ಲಿ ಕಿಮ್ ಕುಣಿಯೋದು, ಹಿಂದೆ ಡ್ಯಾನಿ ಎಲ್ಫ್‌ಮನ್ ಅವರ ಸಂಗೀತ. ಇನ್ನೊಂದು, ಅಪ್ಪಿಕೋ ಅಂತ ಅವಳು ಕೇಳಿದಾಗ ಆಗೋದಿಲ್ಲ ಅಂತ ಅವನು ನಿಲ್ಲೋದು.

ನನಗೆ ಕಾಡೋದು ಬೇರೆ ಎರಡು. ಬ್ಯಾಂಕಿನಲ್ಲಿ ಎಡ್ವರ್ಡ್ ಸಾಲ ಕೇಳ್ತಾನೆ, ಕ್ಷೌರದಂಗಡಿ ಇಡೋಕೆ. ಯಾವ ದಾಖಲೆಯೂ ಇಲ್ಲದ್ದರಿಂದ ಸಿಗಲ್ಲ. ಇಡೀ ಊರಿನ ಕೂದಲು ಕತ್ತರಿಸಿದವನು ಕಾಗದದ ಮೇಲೆ ಹುಟ್ಟೇ ಇಲ್ಲ! ಎರಡನೆಯದು ಟೀವಿ ಕಾರ್ಯಕ್ರಮ. ನಿನಗೂ ಎಲ್ಲರ ಹಾಗೆ ಕೈ ಬಂದರೆ ನೀನು ವಿಶೇಷ ಅನ್ನಿಸಿಕೊಳ್ಳೋದಿಲ್ಲ, ಟೀವಿಗೂ ಬರೋದಿಲ್ಲ ಅಂತ ಸ್ಟುಡಿಯೋದ ಪ್ರೇಕ್ಷಕರು ಅವನಿಗೆ ಹೇಳ್ತಾರೆ. ಒಳ್ಳೆ ಮಾತು ಆಡಿದೆವು ಅಂತಲೇ ಅವರಿಗೆ ಅನಿಸಿರುತ್ತೆ. ಅವನ ಕೈ ಅವರಿಗೆ ಮನರಂಜನೆ. ಬರ್ಟನ್ ಅಲ್ಲಿ ನಮ್ಮನ್ನೇ ಕೂರಿಸಿದ್ದಾರೆ ಅಂತ ನನಗೆ ಗೊತ್ತಾಗಲು ಎರಡನೇ ಸಲ ನೋಡಬೇಕಾಯಿತು.

ಈ ಕೊನೆ ಜನರಿಗೆ ತಡೆದುಕೊಳ್ಳಲು ಆಗಲಿಲ್ಲ ಅನ್ನೋದಕ್ಕೂ ಪುರಾವೆ ಇದೆ. 2005ರಲ್ಲಿ ಮ್ಯಾಥ್ಯೂ ಬೋರ್ನ್ ಲಂಡನ್ನಿನಲ್ಲಿ ಇದನ್ನು ನೃತ್ಯರೂಪಕ ಮಾಡಿದಾಗ, ಗಿಡಗಳ ನಡುವಿನ ಒಂದು ಕನಸಿನಲ್ಲಾದರೂ ಇವನ ಕೈಯ ಅಲಗು ಮಾಯವಾಗಿ ಇಬ್ಬರೂ ಕೈಹಿಡಿದು ಕುಣಿಯುವಂತೆ ಮಾಡಿದರು. 2021ರಲ್ಲಿ ಅಮೆರಿಕದ ಸೂಪರ್ ಬೌಲ್ ಪಂದ್ಯದ ವೇಳೆ ಕ್ಯಾಡಿಲಾಕ್ ಕಾರಿನ ಜಾಹೀರಾತು ಬಂತು. ಅದರಲ್ಲಿ ವಿನೋನಾ ರೈಡರ್ ಮತ್ತೆ ಕಿಮ್. ಅವಳಿಗೆ ಕತ್ತರಿ ಕೈಯ ಮಗ! ಸ್ಟೀರಿಂಗ್ ಹಿಡಿಯದೆ ಓಡುವ ಕಾರನ್ನು ಅಮ್ಮ ಅವನಿಗೆ ಕೊಡಿಸ್ತಾಳೆ. ಬೇರೆಯಾದ ಇಬ್ಬರನ್ನು ಮೂವತ್ತು ವರ್ಷದ ನಂತರ ಕಾರು ಕಂಪನಿ ಸಂಸಾರ ಹೂಡಿಸಿತು. ನಕ್ಕೆ, ಆದರೆ ಸ್ವಲ್ಪ ಸಮಾಧಾನವೂ ಆಯಿತು ಅಂತ ಒಪ್ಪಿಕೊಳ್ತೀನಿ.

ಮಗಳ ಪ್ರಶ್ನೆಗೆ ಬರ್ತೀನಿ. ಕಿಮ್ ಯಾಕೆ ಹೋಗ್ಲಿಲ್ಲ? ತಾನು ಹೇಗಿದ್ದೆನೋ ಹಾಗೇ ಅವನ ನೆನಪಿನಲ್ಲಿರಲಿ ಅಂತ ಸಿನಿಮಾದಲ್ಲಿ ಅವಳೇ ಹೇಳ್ತಾಳೆ. ಹಾಸ್ಟೆಲಿನಲ್ಲಿ ಅದನ್ನು ಕೇಳಿ ಅತ್ತಿದ್ದೆ. ಈಗ ಅದು ನೆಪದ ಹಾಗೆ ಕೇಳಿಸುತ್ತೆ.

ಯಾಕೆ ಅಂತ ಹೇಳ್ತೀನಿ. ನಮ್ಮ ದೊಡ್ಡ ಮಾವನಿಗೆ, ಅಮ್ಮನ ಅಣ್ಣನಿಗೆ, ಕುಷ್ಠ ಬಂದು ವಾಸಿಯಾಗಿತ್ತು. ಮಾತ್ರೆಯ ಕೋರ್ಸು ಮುಗಿದಿತ್ತು, ಅಂಟುವ ಭಯ ಇಲ್ಲ ಅಂತ ಡಾಕ್ಟರು ಹೇಳಿದ್ದರು. ಆದರೆ ನರ ಸತ್ತು ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು, ಅವು ಮತ್ತೆ ಬಿಡಿಸಿಕೊಳ್ಳಲಿಲ್ಲ. ಹಬ್ಬಕ್ಕೆ ಬಂದರೆ ಜಗುಲಿಯ ಮೇಲೇ ಕೂರುತ್ತಿದ್ದರು. ನನ್ನ ತಲೆ ಸವರಲು ಕೈ ಎತ್ತಿ, ನಾನು ಹಿಂದೆ ಸರಿದದ್ದು ಕಂಡು, ಆ ಕೈಯನ್ನು ಹಾಗೇ ಟವಲಿನೊಳಗೆ ಸೇರಿಸಿಕೊಳ್ಳುತ್ತಿದ್ದರು. ನಮ್ಮೂರಿನಿಂದ ಅವರ ಊರಿಗೆ ಬಸ್ಸಿನಲ್ಲಿ ನಲವತ್ತು ನಿಮಿಷ. ಅವರು ತೀರಿಕೊಳ್ಳುವ ತನಕ ನಾನು ಒಂದ್ಸಲಾನೂ ಹೋಗಲಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮ ಹಳೇ ಪಾತ್ರೆ ಕೊಟ್ಟುಬಿಡೋಣ ಅಂತ ಅಟ್ಟದಿಂದ ಇಳಿಸಿದಳು. ಅದರಲ್ಲಿ ಮಾವನಿಗೆ ಕಾಫಿ ಕೊಡುತ್ತಿದ್ದ ಸ್ಟೀಲ್ ಲೋಟ ಇತ್ತು. ಬೇರೆ ಲೋಟಗಳ ಜೊತೆ ಬೆರೆಯದಿರಲಿ ಅಂತ ಕಂಠದ ಹತ್ತಿರ ಮೊಳೆಯಿಂದ ಗೀಚಿದ ಗುರುತು. ಗೀಚಿದ್ದು ಯಾರಮ್ಮ ಅಂತ ಕೇಳಿದೆ.

‘ನೀನೇ ಅಲ್ವೇನೋ,’ ಅಂದಳು. ‘ಎರಡನೇ ಕ್ಲಾಸಿನಲ್ಲಿದ್ದೆ.’

ಮಗಳಿಗೆ ಇದನ್ನಿನ್ನೂ ಹೇಳಿಲ್ಲ. ಈ ಸಂಚಿಕೆ ಕೇಳಿದರೆ ಗೊತ್ತಾಗುತ್ತೆ.